ಒಂದೇ ದೋಣಿಗೆ ಒಲ್ಲೆನೆಂದವನು

"ಮೊಣಕಾಲು ನೋವೈತ್ರಿ ಸರ್," ಎಂದ ಹುಲುಗೇಶ.

ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದ ತನ್ಮಯಿಯ ಕೈ ಹಾಗೇ ನಿಂತಿತು. ಈಗಷ್ಟೇ, ಅವಳ ಕಣ್ಣೆದುರಿಗೇ, ಇದೇ ಮನುಷ್ಯ ಆಳೆತ್ತರದ ಬಂಡೆಯ ಮೇಲಿಂದ ಮರಳಿಗೆ ಜಿಗಿದಿದ್ದ. ಜಿಗಿದು, ಒಬ್ಬರೇ ಕೂರುವ ಕಯಾಕ್ ದೋಣಿಯನ್ನು ಹೆಗಲಿಗೇರಿಸಿಕೊಂಡು ಶಿಳ್ಳೆ ಹಾಕುತ್ತ ಹೋಗಿದ್ದ. ಆಗ ಇಲ್ಲದ ನೋವು ತನ್ನ ಹೆಸರು ಕರೆದ ಕೂಡಲೇ ಎಲ್ಲಿಂದ ಬಂತು?

"ಯಾವ ಮೊಣಕಾಲು?" ಎಂದು ಕೇಳಿದಳು.

ಅವನು ಎಡಗಾಲು ನೋಡಿದ. ಬಲಗಾಲು ನೋಡಿದ. "ಎರಡೂ," ಎಂದ.

ಅಯ್ಯಣ್ಣ ಸರ್ ಕೊರಳಿನ ಸೀಟಿಯನ್ನು ಬೆರಳಿಗೆ ಸುತ್ತುತ್ತ ಇಬ್ಬರನ್ನೂ ನೋಡಿದರು. ಸಿರುಗುಪ್ಪದ ಆಚೆ ತುಂಗಭದ್ರೆಯ ದಂಡೆಯಲ್ಲಿ ಈ ದೋಣಿ ಓಟದ ಶಿಬಿರ ನಡೆಸುವವರು ಅವರೇ. ಮೇಲೆ ಅಣೆಕಟ್ಟಿನ ಗೇಟು ಎತ್ತಿದರೆ ಇಲ್ಲಿ ಹೊಳೆ. ಇಳಿಸಿದರೆ ಬರೀ ಕಲ್ಲು. ಬರುವ ಭಾನುವಾರದ ನಂತರ ಗೇಟು ಇಳಿಸುತ್ತಾರೆ ಎಂಬ ಸುದ್ದಿ ಬಂದಿತ್ತು. ಆ ಭಾನುವಾರವೇ ರಾಜ್ಯ ತಂಡದ ಆಯ್ಕೆ. ಒಂದು ಗಂಡು, ಒಂದು ಹೆಣ್ಣು, ಇಬ್ಬರಿಗೂ ಒಂದೇ ಕೆನೋ. ಅಂಥ ಎರಡು ಜೋಡಿಗಳನ್ನು ಆರಿಸುತ್ತಾರೆ. ತನ್ಮಯಿಗೆ ಜೋಡಿಯಾಗಿ ಸರ್ ಬರೆದಿದ್ದದ್ದು ಹುಲುಗೇಶನ ಹೆಸರು. ಅವನು ಹತ್ತದಿದ್ದರೆ ಅವಳೂ ಇಲ್ಲ.

"ಹಂಗಾದ್ರ ತನ್ಮಯಿ, ಇವತ್ತೂ ನೀವು ಕಯಾಕ್‌ನ್ಯಾಗ ಒಬ್ರ ಹೋಗಿ ಬರ್ರಿ," ಎಂದರು ಸರ್.

ಇವತ್ತೂ. ಆ ಮಾತು ಅವಳಿಗೆ ಮುಳ್ಳಿನಂತೆ ನಟ್ಟಿತು.

ಹೋಗಿ ಬಂದಳು. ಊರವರು ಅತ್ತಿಸೊಸಿ ಗುಂಡು ಎಂದು ಕರೆಯುವ ಎರಡು ಬಂಡೆಗಳ ನಡುವೆ ನೀರು ಹಗಲೂ ರಾತ್ರಿ ಜಗಳವಾಡುತ್ತ ಬೀಳುತ್ತದೆ. ಆ ಜಗಳದ ನಡುವಿನಿಂದ ಒಬ್ಬಳೇ ನುಸುಳಿ ಬಂದು, ಬಂಡೆಯ ಮರೆಯ ನಿಂತ ನೀರಿನಲ್ಲಿ ಉಸಿರು ಬಿಡುತ್ತ ತಿರುಗಿ ನೋಡಿದಳು. ಮೇಲಿನಿಂದ ಒಂದು ಕೆನೋ ಇಳಿದು ಬರುತ್ತಿತ್ತು. ಮುಂದೆ ಅವಳ ಗೆಳತಿ ಮೀನಾಕ್ಷಿ. ಹಿಂದೆ ಹುಲುಗೇಶ.

ಕೆನೋದಲ್ಲಿ ಯಾರೂ ಆರಾಮಾಗಿ ಕೂರುವುದಿಲ್ಲ. ಮಂಡಿಯೂರಬೇಕು. ಅವನು ಆ ಎರಡೂ ಮೊಣಕಾಲುಗಳನ್ನು ಊರಿ, ಸೊಂಟ ಬಳುಕಿಸಿ, ನಗುತ್ತ ಇಳಿಯುತ್ತಿದ್ದ.

*

"ನಿನಗೇನು ಅಂದ ಅವ?" ಎಂದು ತನ್ಮಯಿ ಮರಳುವ ದಾರಿಯಲ್ಲಿ ಕೇಳಿದಳು.

ಪ್ರತಿ ಭಾನುವಾರ ಬಳ್ಳಾರಿಯಿಂದ ಸ್ಕೂಟರಿನಲ್ಲಿ ಹೊರಟು, ಕುರುಗೋಡಿನಲ್ಲಿ ಮೀನಾಕ್ಷಿಯನ್ನು ಹಿಂದೆ ಕೂರಿಸಿಕೊಂಡು ಹೊಳೆಗೆ ಹೋಗುವುದು ಅವಳ ರೂಢಿ. ಎರಡೂ ಬದಿಗೆ ಭತ್ತದ ಗದ್ದೆ, ಆಗಾಗ ರೈಸ್ ಮಿಲ್ಲಿನ ಹೊಟ್ಟಿನ ವಾಸನೆ, ಬೆನ್ನ ಹಿಂದೆ ಮೀನಾಕ್ಷಿಯ ನಿಲ್ಲದ ಮಾತು. ಇವತ್ತು ಆ ಮಾತಿಗೂ ಯಾರೋ ಗೇಟು ಇಳಿಸಿದಂತಿತ್ತು.

"ಯಾಂವ? ಹುಲುಗೇಶಣ್ಣ? ಏನೂ ಅನ್ನಲಿಲ್ಲವ್ವ. 'ಮುಂದ ಕುಂದ್ರು' ಅಂದ, ಕುಂತೆ."

"ನನ್ನ ಜೋಡಿ ಬರ್ಲಿಕ್ಕೆ ಮೊಣಕಾಲು ನೋವು. ನಿನ್ನ ಜೋಡಿ ಬರ್ಲಿಕ್ಕೆ ಇಲ್ಲ."

"ನನ್ನ ಯಾಕ ಕೇಳ್ತಿ? ಅವನ ಮೊಣಕಾಲು ಕೇಳು," ಎಂದು ಮೀನಾಕ್ಷಿ ನಕ್ಕಳು.

ಆ ನಗುವನ್ನು ತನ್ಮಯಿ ಕನ್ನಡಿಯಲ್ಲಿ ಪರೀಕ್ಷಿಸಿ ನೋಡಿದಳು. ಬ್ರೂಸ್‌ಪೇಟೆಯ ಒಂದು ಆಡಿಟರ್ ಆಫೀಸಿನಲ್ಲಿ ಅವಳ ನೌಕರಿ. ಬೇರೆಯವರ ಬಿಲ್ಲುಗಳಲ್ಲಿ ಸುಳ್ಳು ಹುಡುಕುವುದೇ ದಿನದ ಕೆಲಸ. ಸರಿಯಾಗಿರುವುದನ್ನು ಕಂಡರೂ ಒಮ್ಮೆ ಬೆಳಕಿಗೆ ಹಿಡಿದು ನೋಡುವ ಚಟ ಅಂಟಿಬಿಟ್ಟಿತ್ತು. ಮೀನಾಕ್ಷಿಗೂ ಆಯ್ಕೆಯಾಗುವ ಆಸೆ ಇದೆ. ಹುಲುಗೇಶ ಅವಳಿಗೆ ದೂರದ ಸಂಬಂಧಿಯೂ ಹೌದು. ಇಬ್ಬರೂ ಸೇರಿ ತನ್ನ ಜಾಗ ತೆಗೆಯುತ್ತಿರಬಹುದೇ?

ಹಾಗೆಂದುಕೊಂಡರೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೇನೋ.

ಏಕೆಂದರೆ ಮಳೆಗಾಲದ ಮೊದಲ ನೀರಿನಲ್ಲಿ ಅವಳಿಗೆ ಕಯಾಕ್ ಕಲಿಸಿದವನು ಅವನೇ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಶಿಫ್ಟು ಮುಗಿಸಿ, ಕಣ್ಣಿನ ಕೆಂಪು ಆರುವ ಮೊದಲೇ ಹೊಳೆಗೆ ಬರುತ್ತಿದ್ದ. ಅವಳ ಮೊಣಕೈ ಇಳಿದರೆ ಕೈಯಿಂದ ಮುಟ್ಟುತ್ತಿರಲಿಲ್ಲ. ತನ್ನ ಪ್ಯಾಡಲಿನ ಅಂಚಿನಿಂದ ಮೆಲ್ಲಗೆ ಮೇಲೆತ್ತುತ್ತಿದ್ದ, ಹೂವಿನ ಗಿಡಕ್ಕೆ ಕೋಲು ಆನಿಸಿದ ಹಾಗೆ. ಮಗುಚಿದ ಕಯಾಕನ್ನು ನೀರೊಳಗಿಂದಲೇ ತಿರುಗಿಸಿ ಮೇಲೆ ಬರುವಾಗ ಅವಳಿಗೆ ಮೊದಲು ಕಾಣುತ್ತಿದ್ದದ್ದು ಅವನ ಮುಖ. ಉಸಿರು ಬಿಗಿಹಿಡಿದು ಕಾಯುತ್ತಿದ್ದ ಮುಖ. ಅವಳ ಕಣ್ಣು ತೆರೆದ ಕೂಡಲೇ ಆಚೆ ದಂಡೆಯ ಕಡೆ ತಿರುಗಿಬಿಡುತ್ತಿದ್ದ ಮುಖ.

ಹಾಗೆ ಕಾಯುವವನು ಹೀಗೇಕೆ ಓಡುತ್ತಾನೆ?

*

ಗಾಂಧಿನಗರದ ಮನೆಯಲ್ಲಿ ಸಂಜೆಯ ದೀಪ ಹಚ್ಚಿ ಅವಳ ತಾಯಿ ವಿಜಯಾಬಾಯಿ ಪದ ಹೇಳುತ್ತಿದ್ದರು. ಹುಟ್ಟಿದಂದಿನಿಂದ ಕಿವಿಯ ಮೇಲೆ ಬಿದ್ದ ಪದಗಳು. ಭವವೆಂಬ ಹೊಳೆ, ಅದನ್ನು ದಾಟಿಸುವ ಅಂಬಿಗನಾಗಿ ದೇವರು. ತನ್ಮಯಿ ಕಂಬಕ್ಕೆ ಒರಗಿ ಕೂತು ಕೇಳಿದಳು. ದಾಟಿಸುವವನೇ ಮೊಣಕಾಲು ನೋವೆಂದರೆ ಭಕ್ತರು ಏನು ಮಾಡಬೇಕೆಂದು ಯಾವ ಪದದಲ್ಲೂ ಇರಲಿಲ್ಲ.

ಎರಡು ನುಡಿಗಳ ನಡುವೆ ತಾಯಿ ಕಣ್ಣು ತೆರೆಯದೆ ಕೇಳಿದರು: "ಈ ಹುಲುಗೇಶ ಯಾರು?"

"ಯಾರೂ ಅಲ್ಲ. ಯಾಕ?"

"ಊಟದಾಗ ಆ ಹೆಸರು ಉಪ್ಪಿನಕಾಯಿಗಿಂತ ಹೆಚ್ಚು ಬಂತು. ಅದಕ್ಕ."

"ಬೈಲಿಕ್ಕತ್ತಿದ್ದೆ ಅಮ್ಮಾ, ಅವನ್ನ!"

"ಅದೇ ಮತ್ತ," ಎಂದು ವಿಜಯಾಬಾಯಿ ಮುಂದಿನ ನುಡಿ ಎತ್ತಿಕೊಂಡರು.

*

ಭಾನುವಾರ ಬೆಳಿಗ್ಗೆ ದಂಡೆಯ ಮೇಲೆ ಶಾಮಿಯಾನ ಎದ್ದಿತ್ತು. ಹೊಳೆಗೆ ಅಡ್ಡಲಾಗಿ ಬಿಗಿದ ಹಗ್ಗಗಳಿಂದ ಬಣ್ಣದ ಕೋಲುಗಳು ಜೋಡಿ ಜೋಡಿಯಾಗಿ ತೂಗುತ್ತಿದ್ದವು. ಪ್ರತಿ ಜೋಡಿಯ ನಡುವಿನಿಂದ ಕೆನೋ ಹಾಯಬೇಕು; ಕೋಲು ಮುಟ್ಟಿದರೆ ತಪ್ಪು. ನಡುವೆ ಇಳಿಸಿದ್ದ ಗೇಟನ್ನು ಆಯ್ಕೆಗೆಂದು ಮತ್ತೆ ಎತ್ತಿದ್ದರು; ಬಿಟ್ಟ ನೀರು ಇನ್ನೂ ದಾರಿಯಲ್ಲಿತ್ತು. ಬಂಡೆಗಳು ಒಣಗಿ ಮಲಗಿದ್ದವು.

ಅಯ್ಯಣ್ಣ ಸರ್ ಅವಳನ್ನು ಪಕ್ಕಕ್ಕೆ ಕರೆದರು. "ನಿಮಗ ಗೊತ್ತಿರಲಿ ಅಂತ ಹೇಳ್ತೀನಿ. ಹುಲುಗೇಶ ನಿನ್ನೆ ನನ್ನ ಹತ್ರ ಬಂದಿದ್ದ. ಜೋಡಿ ಬದಲು ಮಾಡ್ರಿ ಅಂದ. ಹೊತ್ತು ಮೀರೈತಿ, ಆಗಂಗಿಲ್ಲ ಅಂದೆ. ನೀವಿಬ್ರೂ ಏನು ಮಾಡ್ಕೊಂತೀರೋ ಮಾಡ್ಕೊಳ್ರಿ. ನೀರು ಬಂದ ಮ್ಯಾಲ ಕೆನೋದಾಗ ಇಬ್ರೂ ಇರಬೇಕು."

ತನ್ಮಯಿ ಮರಳು ತುಳಿಯುತ್ತ ನೇರ ಅವನ ಹತ್ತಿರ ಹೋದಳು. ಅವನು ಬಂಡೆಯ ನೆರಳಲ್ಲಿ ಕೂತು ಪ್ಯಾಡಲಿಗೆ ಟೇಪು ಸುತ್ತುತ್ತಿದ್ದ. ಸುತ್ತಿದ್ದನ್ನೇ ಮತ್ತೆ ಸುತ್ತುತ್ತಿದ್ದ.

"ಮೀನಾಕ್ಷಿಗೆ ನನ್ನ ಜಾಗ ಬೇಕಾಗಿದ್ರ ಸೀದಾ ಕೇಳಬಹುದಿತ್ತು."

"ಮೀನಾಕ್ಷಿ? ಆಕಿ ಯಾಕ್ರಿ ಬಂದ್ಲು ಇದರಾಗ?" ಅವನ ಹುಬ್ಬು ನಿಜವಾಗಿಯೇ ಮೇಲೇರಿತು. "ಜೋಡಿ ಸಿಗದ ದುರ್ಗೇಶ ಅದಾನಲ್ರಿ, ಅವನ ಜೋಡಿ ನಿಮ್ಮನ್ನ ಹಾಕ್ರಿ ಅಂದೆ. ಅವ ನನಗಿಂತ ಚಲೋ ಹೊಡೀತಾನ. ನೀವು ಗೆಲ್ತೀರಿ. ನಾ ಹೊರಗ ಉಳೀತೀನಿ ಅಂದೆ."

"ಅಂದ್ರ ನನ್ನ ಯಾರಿಗರೇ ಕೊಟ್ಟು ಕೈ ತೊಳ್ಕೊಳ್ಳೋದು!"

"ಅಯ್ಯೋ, ಹಂಗಲ್ರಿ..."

"ಹೆಂಗ ಮತ್ತ? ನನಗ ಹೊಡೀಲಿಕ್ಕೆ ಬರೂದಿಲ್ಲೇನು?"

"ನಿಮ್ಮಷ್ಟು ಚಲೋ ಇಲ್ಲಿ ಯಾರಿಗೆ ಬರತೈತ್ರಿ?"

"ಹಾಂಗಿದ್ರ ಯಾಕ?"

ಅವನು ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿದ, ಮತ್ತೆ ಒತ್ತಿದ. "ನಮ್ಮ ಮನ್ಯಾಗ ಒಂದು ಪದ್ಧತಿ ಐತ್ರಿ. ಹರಿಗೋಲು ಹಾಕೋ ಮನಿ ನಮ್ದು. ಕೆಲವರನ್ನ ನಮ್ಮ ದೋಣ್ಯಾಗ ಹತ್ತಿಸ್ಕೊಳ್ಳಾಂಗಿಲ್ಲ."

"ಕೆಲವರು ಅಂದ್ರ? ನಮ್ಮಂಥ ಮನಿಯವರನ್ನ?"

"ಛೇ ಛೇ! ಜಾತಿ ಮಾತಲ್ರಿ ಅದು."

"ಮತ್ತ ಯಾರನ್ನ?"

ಅವನ ಕಿವಿ ಕೆಂಪಾದದ್ದನ್ನು ಅವಳು ಕಂಡಳು. ಕಂಡು, ಸುಳ್ಳು ಹೇಳುವವರ ಕಿವಿಯೂ ಕೆಂಪಾಗುತ್ತದೆ ಎಂದುಕೊಂಡಳು. "ನನ್ನ ಬಾಯಿಂದ ಆಗಂಗಿಲ್ರಿ," ಎಂದ ಅವನು. "ಬೇಕಾದ್ರ ನಮ್ಮಜ್ಜಿನ್ನ ಕೇಳ್ರಿ."

"ಕೇಳ್ತೀನಿ. ಈಗಲೇ." ಅವಳು ಅಂಗೈ ಚಾಚಿದಳು. "ಫೋನ್ ಕೊಡ್ರಿ."

"ಯಾಕ್ರಿ?"

"ನಾ ಹೋಗೋದ್ರಾಗ ನೀವು ಅಜ್ಜಿಗೆ ಫೋನ್ ಮಾಡಿ ಹಿಂಗ ಹಿಂಗ ಹೇಳು ಅಂತ ಕಲಿಸಬಾರದು, ಅದಕ್ಕ."

ಹುಲುಗೇಶ ಅವಳ ಮುಖವನ್ನು ಒಂದು ಕ್ಷಣ ನೋಡಿದ. ಈ ಸಲ ಆಚೆ ದಂಡೆಯ ಕಡೆ ತಿರುಗಲಿಲ್ಲ. ಜೇಬಿನಿಂದ ಫೋನು ತೆಗೆದು ಅವಳ ಅಂಗೈಗೆ ಇಟ್ಟ.

*

ಅವನ ಮನೆ ಹೊಳೆಯಿಂದ ಒಂದು ಕೂಗಳತೆಯ ದೂರದಲ್ಲಿತ್ತು. ಅಂಗಳದಲ್ಲಿ ಹಳೆಯ ಹರಿಗೋಲೊಂದು ಬೋರಲಾಗಿ ಬಿದ್ದಿತ್ತು. ಅದರ ಮೇಲೆ ಮೆಣಸಿನಕಾಯಿ ಹರವಿದ್ದರು. ಅವನ ಅಜ್ಜಿ ಹೊನ್ನೂರಮ್ಮ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ಯಾರವ್ವಾ ನೀನು? ತಲಿ ಮ್ಯಾಲ ಬೋಗಾಣಿ ಹಾಕ್ಕೊಂಡು ಬಂದೀ."

ಹೆಲ್ಮೆಟ್ಟು ತೆಗೆಯುವುದನ್ನೇ ಮರೆತಿದ್ದಳು. ಅವಸರದಿಂದ ತೆಗೆದು, "ತನ್ಮಯಿ ಅಂತ. ಬಳ್ಳಾರಿಯಾಕಿ," ಎಂದಳು.

ಅಜ್ಜಿ ಮೊರ ಕೆಳಗಿಟ್ಟಳು. ಕೈಯನ್ನು ಹಣೆಗೆ ಮರೆ ಮಾಡಿಕೊಂಡು ಮೇಲಿಂದ ಕೆಳಗೆ ನೋಡಿದಳು. "ಓಹೋ. ಉದ್ದ ಜಡಿ ಅಂದಿದ್ದ. ಮೂಗಿನ ಮ್ಯಾಲ ಸಿಟ್ಟು ಅಂದಿದ್ದ. ಇಷ್ಟು ತೆಳ್ಳಗ ಅದಿ ಅಂತ ಹೇಳಿರಲಿಲ್ಲ."

ಇದನ್ನೆಲ್ಲ ಅವನು ಮನೆಯಲ್ಲಿ ಹೇಳಿದ್ದಾನೆಯೇ? ಆದರೆ ಆಫೀಸಿನ ಅಭ್ಯಾಸ ಬಿಡಲಿಲ್ಲ. ಉತ್ತರವನ್ನು ಎದುರಿನವರ ಬಾಯಿಗೆ ಇಡಬಾರದು; ಸುಮ್ಮನೆ ಕೇಳಬೇಕು. "ಅಜ್ಜಿ, ದೋಣಿ ವಿಷಯಕ್ಕ ನಿಮ್ಮ ಮನ್ಯಾಗ ಏನೇನು ಪದ್ಧತಿ ಅವ?"

"ಅದನ್ನ ಕೇಳಾಕ ಓಡಿ ಬಂದೀ?" ಅಜ್ಜಿ ಬೆರಳು ಮಡಚಿದಳು. "ಚಪ್ಪಲಿ ಹಾಕ್ಕೊಂಡು ಹತ್ತಾಂಗಿಲ್ಲ. ಹೊಳಿಗೆ ಕೈ ಮುಗೀದ ಹುಟ್ಟು ಮುಟ್ಟಾಂಗಿಲ್ಲ. ಹರಿಗೋಲಿನ್ಯಾಗ ಕುಂತು ಜಗಳ ಆಡಾಂಗಿಲ್ಲ..."

ತನ್ಮಯಿ ಕಾದಳು. ಮೂರಾದವು. ಅವನು ಹೇಳಿದ್ದು ಇವುಗಳಲ್ಲಿ ಇರಲಿಲ್ಲ. ಅಂದರೆ ಅವನದು ಬರೀ ನೆಪ. ಹೆಲ್ಮೆಟ್ಟನ್ನು ಕಂಕುಳಿಗೆ ಸೇರಿಸಿ ಹೊರಡಲು ತಿರುಗಿದಳು.

"...ಮತ್ತ, ಮನಸ್ಸಿನ್ಯಾಗ ಇಟ್ಕೊಂಡ ಹೆಣ್ಣನ್ನ, ಎರಡೂ ಮನಿಯವರು ಹೂಂ ಅನ್ನೋತನಕ ಅಂಬಿಗ ತನ್ನ ದೋಣ್ಯಾಗ ಹತ್ತಿಸ್ಕೊಳ್ಳಾಂಗಿಲ್ಲ."

ಅಂಗಳದಲ್ಲಿ ಒಂದು ಕೋಳಿ ಕೆದರುತ್ತಿತ್ತು. ಅದರ ಸದ್ದು ಬಹಳ ದೊಡ್ಡದಾಗಿ ಕೇಳಿಸಿತು.

"ಯಾಕ?" ಎಂದಳು, ತನಗೇ ಕೇಳಿಸದಷ್ಟು ಮೆತ್ತಗೆ.

"ಯಾಕಂದ್ರ, ಹಿಂದ ಕುಂತು ಹುಟ್ಟು ಹಾಕಾಂವ ನೀರು ನೋಡಾಂಗಿಲ್ಲ, ಮುಂದ ಕುಂತಾಕಿನ್ನ ನೋಡ್ತಾನ. ನಮ್ಮ ಯಜಮಾನ ಹಂಗ ನೋಡಿದ. ಗುಂಡುಕಲ್ಲಿಗೆ ಬಡಿದು ಮುಳುಗಿದ್ವಿ. ನಾವೇನೋ ಎದ್ದು ಬಂದ್ವಿ, ಜ್ವಾಳದ ಚೀಲ ಹೋತು. ನಮ್ಮ ಮಾವ ತಿಂಗಳಗಟ್ಟಲೆ ಬೈದ್ರು. ಅವಾಗಿಂದ ಈ ಪದ್ಧತಿ."

"ಇದನ್ನ ಹೇಳಂತ ಅವರ ಕಲಿಸ್ಯಾರೇನು ನಿಮಗ?"

"ಅವನಾ? ನನಗಾ?" ಹೊನ್ನೂರಮ್ಮ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕಳು. "ಭಾಳ ಗುಮಾನಿ ನಿನಗ. ಇರಲಿ. ಹೊಳಿ ದಂಡಿ ಹೆಣ್ಣಿಗೆ ಅದು ಇರಬೇಕು."

"ಮತ್ತ ಮೀನಾಕ್ಷಿನ್ನ ಹತ್ತಿಸ್ಕೊಳ್ತಾರ?"

"ಆ ಹುಡುಗಿ ಮುಂದ ಕುಂತ್ರ ಅವ ಆಕಳಿಸ್ತಾನಬೇ!"

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಮೀನಾಕ್ಷಿಯ ಹೆಸರು. ಆರಿದ ಸಂಶಯ ಮತ್ತೆ ಚುರ್ರೆಂದಿತು. ಎತ್ತಿ ಕಿವಿಗಿಟ್ಟು, ಮಾತಾಡದೆ ನಿಂತಳು.

"ತನ್ಮಯಿ ಅವ್ರ," ಎಂದಿತು ಹುಲುಗೇಶನ ಧ್ವನಿ. "ಮೀನಾಕ್ಷಿ ಫೋನ್ ಇಸ್ಕೊಂಡೀನ್ರಿ. ಅಜ್ಜಿ... ಅಜ್ಜಿ ಏನರ ಹೇಳಿದ್ಲೇನ್ರಿ?"

"ಏನು ಹೇಳಬೇಕಾಗಿತ್ತು?"

ಆ ಕಡೆಯಿಂದ ಹೊಳೆಯ ಸದ್ದು ಜೋರಾಗಿ ಕೇಳಿಸಿತು. "ಏನಿಲ್ರಿ," ಎಂದ ಅವನು. "ನೀರು ಬಂತು. ಅದನ್ನ ಹೇಳಾಕ ಮಾಡಿದೆ."

*

ನೀರು ಬಂದಿತ್ತು. ಒಣಗಿದ್ದ ಬಂಡೆಗಳೆಲ್ಲ ಸೊಂಟದವರೆಗೆ ಮುಳುಗಿ, ಅತ್ತಿಸೊಸಿ ಗುಂಡಿನ ಜಗಳ ಊರಿಗೇ ಕೇಳಿಸುವಂತಿತ್ತು. ಕೆನೋದ ಪಕ್ಕ ಹುಲುಗೇಶ ತಲೆ ತಗ್ಗಿಸಿ ನಿಂತಿದ್ದ. ಅವಳು ಬರುತ್ತಲೇ ಫೋನು ಅವನ ಕೈಗೆ ಹಾಕಿದಳು.

"ಮುಂದ ಕೂಡ್ರಿ," ಎಂದಳು.

"ಮುಂದ? ನಾನ?" ಕೆನೋವನ್ನು ನಡೆಸುವವರ ಜಾಗ ಹಿಂದಿನದು. ಅದು ಯಾವಾಗಲೂ ಅವನದೇ.

"ನೀವು ನನ್ನ ಹತ್ತಿಸ್ಕೊಳ್ಳಬ್ಯಾಡ್ರಿ. ನಾನ ನಿಮ್ಮನ್ನ ಹತ್ತಿಸ್ಕೊಳ್ತೀನಿ. ನೀವು ತಪ್ಪಿಸ್ಕೊಂಡಾಗೆಲ್ಲ ಸರ್ ನನ್ನ ಹಿಂದ ಕೂಡಿಸಿ ಕಲಿಸ್ಯಾರ. ಮುಂದ ಕೂತವರಿಗೆ ಹಿಂದಿನವರು ಕಾಣೋದಿಲ್ಲ. ಬರೇ ನೀರು ಕಾಣ್ತದ. ನಿಮ್ಮ ಪದ್ಧತಿಗೇನೂ ಭಂಗ ಇಲ್ಲ."

ಅವನು ಕಣ್ಣು ಮುಚ್ಚಿಕೊಂಡ. "ಹೇಳಿಬಿಟ್ಲು ಅಜ್ಜಿ."

"ಎಲ್ಲಾ. ಮೂಗಿನ ಮ್ಯಾಲಿನ ಸಿಟ್ಟೂ."

"ಮತ್ತ ನೀವು ಏನಂತೀರಿ?"

"ನಾ ಇನ್ನೂ ನಂಬಿಲ್ಲ," ಎಂದಳು ತನ್ಮಯಿ. ಅದು ನಿಜವೇ ಆಗಿತ್ತು. "ಏರ್ರಿ."

ಉಳಿದ ಜೋಡಿಗಳೆಲ್ಲ ಇಳಿದಾಗಿತ್ತು. ಸೀಟಿ ಕೂಗಿತು.

ಮೊದಲ ಕೋಲುಗಳು, ಎರಡನೆಯವು. ನೀರು ಅವರನ್ನು ಎತ್ತಿಕೊಂಡು ಓಡಿತು. "ಎಡಕ್ಕ!" ಎಂದು ಅವಳು ಕೂಗಿದರೆ ಅವನ ಪ್ಯಾಡಲು ಎಡಕ್ಕೆ. "ಹಿಡೀರಿ!" ಎಂದರೆ ಹಿಡಿದ. ಅವಳ ಎದುರಿಗೆ ಅವನ ಅಗಲವಾದ ಬೆನ್ನು. ಇನ್ನು ಗುಂಡು ಬರುತ್ತದೆ, ಈಗ ತಿರುಗುತ್ತಾನೆ, ಎಂದು ಅವಳು ಕಾದಳು. ಹಿಂದೆ ಕೂತವರನ್ನು ನಂಬದವರು ತಿರುಗುತ್ತಾರೆ. ನೆಪ ಹೇಳಿದವರು ತಿರುಗುತ್ತಾರೆ. ತಾನಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ತಿರುಗಿ ನೋಡಿರುತ್ತಿದ್ದಳು.

ಅತ್ತಿಸೊಸಿ ಗುಂಡು ಬಾಯ್ದೆರೆದು ಬಂತು. ನೊರೆ ಅವನ ತಲೆಯ ಮೇಲಿಂದ ಹಾರಿ ಅವಳ ಮುಖಕ್ಕೆ ಬಡಿಯಿತು. ಕಿವಿಯಲ್ಲಿ ನೀರಿನ ಆರ್ಭಟ ಬಿಟ್ಟರೆ ಬೇರೇನೂ ಇಲ್ಲ. ಇಡೀ ಜೀವವನ್ನು ಕಾಣದ ಒಬ್ಬಳ ಕೈಗೆ ಒಪ್ಪಿಸಿ, ಆ ಮನುಷ್ಯ ಮುಂದಿನ ನೀರನ್ನೇ ನೋಡುತ್ತ ಹುಟ್ಟು ಹಾಕುತ್ತಿದ್ದ.

ಒಮ್ಮೆಯೂ ತಿರುಗಲಿಲ್ಲ.

ಬಂಡೆಗಳು ಹಿಂದಾದವು. ಇನ್ನು ಉಳಿದದ್ದು ಕೊನೆಯ ಕೋಲುಗಳು. ಅಲ್ಲಿ ನೀರೂ ಸೌಮ್ಯ. ಅಲ್ಲೇ ಅದು ಆಯಿತು. ಹೆಲ್ಮೆಟ್ಟಿನ ಕೆಳಗೆ, ಅವನ ಹೆಡತಲೆಯ ಮೇಲೆ, ಒಂದು ಹನಿ ನೀರು ನಿಂತಿತ್ತು. ಬಿಸಿಲು ಅದರೊಳಗೆ ಹೊಕ್ಕಿತ್ತು. ಅದು ಈಗ ಜಾರುತ್ತದೆ, ಈಗ ಜಾರುತ್ತದೆ ಎಂದು ತನ್ಮಯಿ ನೋಡಿದಳು.

ಟಕ್ ಎಂದಿತು. ಕೋಲು ಕೆನೋಗೆ ಬಡಿದು ತೂಗಾಡಿತು. ಅವಳು ಗಾಬರಿಯಿಂದ ತಿದ್ದಿದಳು, ಅವನು ಮೈಭಾರ ಹಾಕಿ ಹಿಡಿದ, ಇಬ್ಬರೂ ಗೆರೆ ದಾಟಿದರು.

ದಂಡೆಯಿಂದ ಅಯ್ಯಣ್ಣ ಸರ್ ಮೈಕಿನಲ್ಲಿ ಕೂಗಿದರು. "ಎರಡನೇ ಜೋಡಿ! ತಂಡಕ್ಕ ಬಂದ್ರಿ! ಆ ಕೋಲೊಂದು ಮುಟ್ಟದಿದ್ರ ಮೊದಲನೇದು ಆಗ್ತಿದ್ರಲ್ರೋ!"

ಮೀನಾಕ್ಷಿ ದಂಡೆಯ ಮೇಲೆ ಕುಣಿಯುತ್ತಿದ್ದಳು. ಅದು ಬರೀ ಕುಣಿತ. ಅದರಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ಕೆನೋ ಮಡುವಿನ ನಿಂತ ನೀರಿಗೆ ತೇಲಿ ಬಂತು. ಹುಲುಗೇಶ ಇನ್ನೂ ಮುಂದಕ್ಕೇ ಮುಖ ಮಾಡಿದ್ದ.

"ಅಲ್ಲಿ ಸುಳಿ ಇರಲಿಲ್ಲ," ಎಂದ ನಿಧಾನಕ್ಕೆ. "ಸೆಳವೂ ಇರಲಿಲ್ಲ. ಗುಂಡು ದಾಟಿಸಿದವರು ಅಲ್ಲಿ ಯಾಕ ಕೋಲು ಮುಟ್ಟಿದ್ರಿ?"

"ಹಾಂಗ ಆಗ್ತದ ಒಮ್ಮೊಮ್ಮೆ."

"ಆಗಂಗಿಲ್ರಿ." ಅವನ ಹೆಗಲು ಮೆಲ್ಲಗೆ ಕುಲುಕಿತು, ನಗು ತಡೆದುಕೊಳ್ಳುತ್ತಿದ್ದ. "ನನಗ್ಯಾಕೋ ಸಂಶಯ. ನೀರು ನೋಡ್ತಿದ್ರೇನು ನೀವು?"

ತನ್ಮಯಿ ಪ್ಯಾಡಲನ್ನು ತೊಡೆಯ ಮೇಲೆ ಅಡ್ಡ ಇಟ್ಟಳು. ಬೇರೆಯವರ ಸುಳ್ಳು ಹಿಡಿಯುವ ಅವಳಿಗೆ ತನ್ನದೊಂದನ್ನು ಕಟ್ಟಲು ಆಗಲಿಲ್ಲ.

"ಇಲ್ಲ," ಎಂದಳು.

"ಮತ್ತ?"

"ನಿಮ್ಮಜ್ಜಿ ಹೇಳಿದ್ದು ಖರೇ ಅದ. ಹಿಂದ ಕೂತವರು ನೋಡಬಾರದ್ದನ್ನ ನೋಡ್ತಾರ." ಸ್ವಲ್ಪ ತಡೆದು, ಇನ್ನಷ್ಟು ಮೆತ್ತಗೆ, "ಇನ್ನ ತಿರುಗು," ಎಂದಳು.

ಅವನು ತಿರುಗಿದ. ಇಡೀ ಮೈಯನ್ನು ತಿರುಗಿಸಿಕೊಂಡು, ಹೊಳೆಗೆ ಬೆನ್ನು ಹಾಕಿ, ಅವಳ ಎದುರಿಗೆ ಕೂತ. ಮುಖದ ತುಂಬ ನೀರಿತ್ತು. ಒರೆಸಿಕೊಳ್ಳಲಿಲ್ಲ.

"ನಂಬಿದ್ಯೇನು?" ಎಂದು ಕೇಳಿದ.

"ನಂಬಿದೆ."

"ಎಷ್ಟು?"

"ಈಗಷ್ಟ ಕೋಲು ಮುಟ್ಟಿದ್ನಲ್ಲ. ಅಷ್ಟು."

ಆಮೇಲೆ ಯಾರೂ ಪ್ಯಾಡಲು ಮುಟ್ಟಲಿಲ್ಲ. ಕೆನೋ ತನ್ನ ಪಾಡಿಗೆ ತೇಲಿ ಹೋಗಿ ಮರಳದಿಬ್ಬಕ್ಕೆ ದಡ್ಡೆಂದು ಹಾಯ್ದು ನಿಂತಾಗಲೇ, ದಂಡೆ ಬಂದದ್ದು ಇಬ್ಬರಿಗೂ ತಿಳಿಯಿತು.